ಕಳ್ಳ ತಕ್ಕಡಿಯ ಮುಂದೆ ಸುಮ್ಮನಿರುವದು ತಾಳ್ಮೆಯೋ?



ನಮ್ಮ ಹಳ್ಳಿಯ ಸಭೆಗಳಲ್ಲಿ ಒಂದು ಮಾತು ಪದೇಪದೇ ಕೇಳಿಬರುವದುಂಟು. ಅಂಗಡಿಯಲ್ಲಿ ಸಕ್ಕರೆಯ ತೂಕವು ಕಡಮೆಯಾಯಿತು. ಕಟ್ಟಿನ ಮೇಲೆ ಅಚ್ಚಾದ ಬೆಲೆಗಿಂತ ಎರಡು ರೂಪಾಯಿ ಹೆಚ್ಚಾಗಿ ತಕ್ಕೊಂಡರು. ನ್ಯಾಯಬೆಲೆಯ ಅಂಗಡಿಯಲ್ಲಿ ಅಕ್ಕಿಯು ನಮಗೆ ಸಲ್ಲತಕ್ಕಷ್ಟು ಸಿಕ್ಕಲಿಲ್ಲ. ಇಂಥ ಸಂಗತಿಗಳನ್ನು ಮನೆಗೆ ಬಂದು ಹೇಳಿದಾಗ ಹಿರಿಯರು, "ಹೋಗಲಿ ಬಿಡು ಮಗಾ, ನಾವು ಕ್ರೈಸ್ತರು. ಜಗಳ ನಮಗೆ ಬೇಡ. ದೇವರು ನೋಡಿಕೊಳ್ಳುವನು" ಎಂದು ಹೇಳಿ ಮಾತನ್ನು ಮುಗಿಸಿಬಿಡುತ್ತಾರೆ. ಕೇಳುವದಕ್ಕೆ ಇದು ಭಕ್ತಿಯ ಮಾತಾಗಿಯೇ ತೋರುತ್ತದೆ. ಆದರೆ ಇದು ನಿಜವಾಗಿ ತಾಳ್ಮೆಯಿಂದ ಹುಟ್ಟಿದ ಮಾತೋ, ಇಲ್ಲವೆ ಅಂಜಿಕೆಯು ತಾಳ್ಮೆಯ ಅಂಗಿಯನ್ನು ತೊಟ್ಟುಕೊಂಡು ಬಂದದ್ದೋ ಎಂಬದನ್ನು ವಿಚಾರಿಸುವದು ಅಗತ್ಯ. ಯಾಕಂದರೆ ನಮ್ಮ ಮೌನವನ್ನು ನಾವು ದೇವರ ಹೆಸರಿನಲ್ಲಿ ಸಮರ್ಥಿಸಿಕೊಳ್ಳುವದಾದರೆ, ಆ ಮೌನವು ದೇವರಿಗೆ ಮೆಚ್ಚಿಕೆಯಾದದ್ದೇ ಎಂದು ಮೊದಲು ತಿಳಿದುಕೊಳ್ಳತಕ್ಕದ್ದು.

ತಕ್ಕಡಿಯ ವಿಷಯವು ಸಣ್ಣದೆಂದು ಯಾರೂ ನೆನಸಬಾರದು. ಸತ್ಯವೇದದಲ್ಲಿ ಅದಕ್ಕೆ ಸಿಕ್ಕಿದ ಸ್ಥಳವನ್ನು ನೋಡಿದರೆ ಆಶ್ಚರ್ಯವಾದೀತು. ಧರ್ಮೋಪದೇಶಕಾಂಡದ 25ನೆಯ ಅಧ್ಯಾಯದಲ್ಲಿ ಮೋಶೆಯು, ಒಂದೇ ಚೀಲದಲ್ಲಿ ದೊಡ್ಡದೂ ಚಿಕ್ಕದೂ ಆದ ಎರಡು ಬಗೆಯ ಕಲ್ಲುಗಳನ್ನು ಇಟ್ಟುಕೊಳ್ಳಬಾರದೆಂದು ಇಸ್ರಾಯೇಲ್ಯರಿಗೆ ಆಜ್ಞಾಪಿಸುತ್ತಾನೆ. ಜ್ಞಾನೋಕ್ತಿಗಳ 11ನೆಯ ಅಧ್ಯಾಯವು ಮೋಸದ ತ್ರಾಸಿನ ಮಾತಿನಿಂದಲೇ ಆರಂಭವಾಗುತ್ತದೆ. ಆಮೋಸನು ತನ್ನ 8ನೆಯ ಅಧ್ಯಾಯದಲ್ಲಿ, ಅಳತೆಯನ್ನು ಕಿರಿದು ಮಾಡಿ ಬೆಲೆಯನ್ನು ಹಿರಿದು ಮಾಡಿ, ಗೋದಿಯ ಜೊತೆಗೆ ಕಸವನ್ನೂ ಮಾರಬೇಕೆಂದು ಸಬ್ಬತ್ತು ಮುಗಿಯುವದನ್ನೇ ಕಾಯುವ ವರ್ತಕರನ್ನು ಖಂಡಿಸುತ್ತಾನೆ. ಹೀಗೆ ಧರ್ಮಶಾಸ್ತ್ರವೂ ಜ್ಞಾನಿಗಳೂ ಪ್ರವಾದಿಗಳೂ ಒಂದೇ ಬಾಯಿಂದ ಹೇಳುವದೇನಂದರೆ, ಅಂಗಡಿಯ ತಕ್ಕಡಿಯು ದೇವರ ಕಣ್ಣಿನ ಕೆಳಗೆ ತೂಗುತ್ತದೆ. ಆದಕಾರಣ ತಕ್ಕಡಿಯ ಮಾತನ್ನು ಎತ್ತುವವನು ಲೌಕಿಕ ವಿಷಯಕ್ಕೆ ಕೈಹಾಕಿದನೆಂದು ಹೇಳಲಾಗದು.

ನಮ್ಮ ಸೀಮೆಯ ಪೂರ್ವಿಕರಿಗೂ ಇದರ ಅನುಭವವಿತ್ತು. ಹಿಂದೆ ಕುಡ್ತೆ, ಪಾವು, ಸೇರು, ಕಳಸಿಗೆ, ಮುಡಿ ಎಂಬ ಅಳತೆಗಳು ನಡೆಯುತ್ತಿದ್ದ ಕಾಲದಲ್ಲಿ, ಮುಡಿಯೊಂದಕ್ಕೆ ಎಷ್ಟು ಸೇರು ಎಂಬದು ಎಲ್ಲ ಕಡೆಯಲ್ಲಿಯೂ ಒಂದೇ ಆಗಿರಲಿಲ್ಲ. ಅಳತೆಯು ಯಾರ ಕೈಯಲ್ಲಿತ್ತೋ ಅವರ ಬಾಯಿಯೇ ನ್ಯಾಯವಾಗುವ ಅಪಾಯವಿತ್ತು. 1956ರ ಕಾಯಿದೆಯ ಮೇರೆಗೆ 1958ರ ಅಕ್ಟೋಬರ ತಿಂಗಳಿಂದ ಕಿಲೋಗ್ರಾಮಿನ ತೂಕವು ದೇಶದಲ್ಲಿ ಹಂತಹಂತವಾಗಿ ಜಾರಿಗೆ ಬಂದಾಗ, ಸುಳ್ಯದ ಕಿಲೋವೂ ದಿಲ್ಲಿಯ ಕಿಲೋವೂ ಒಂದೇ ಆಯಿತು. ಇದು ಬಡವನಿಗೆ ದೊಡ್ಡ ಉಪಕಾರ. ಆದರೂ ಕಾಯಿದೆಯು ಕಲ್ಲನ್ನು ಸರಿಮಾಡಬಲ್ಲದೇ ಹೊರತು ಕೈಯನ್ನು ಸರಿಮಾಡಲಾರದು. ಕೈಯು ತಪ್ಪಿದಾಗ ಹೇಳುವ ಬಾಯಿಯು ಬೇಕು.

ಈಗ ಮುಖ್ಯವಾದ ಆಕ್ಷೇಪಕ್ಕೆ ಬರೋಣ. ಕೆಲವರು ಹೇಳುವದೇನಂದರೆ: ಬಲಗೆನ್ನೆಗೆ ಹೊಡೆದವನಿಗೆ ಎಡಗೆನ್ನೆಯನ್ನೂ ತೋರಿಸಬೇಕೆಂದೂ, ಅಂಗಿಯನ್ನು ಕೇಳುವವನಿಗೆ ಮೇಲಂಗಿಯನ್ನೂ ಬಿಟ್ಟುಕೊಡಬೇಕೆಂದೂ ಕರ್ತನು ಕಲಿಸಲಿಲ್ಲವೋ? ವ್ಯಾಜ್ಯವಾಡುವದಕ್ಕಿಂತ ನಷ್ಟವನ್ನು ತಾಳಿಕೊಳ್ಳುವದು ಉತ್ತಮವೆಂದು ಪೌಲನು ಕೊರಿಂಥದವರಿಗೆ ಬರೆಯಲಿಲ್ಲವೋ? ಹಾಗಾದರೆ ನಾವು ಯಾಕೆ ದೂರುಕೊಡಬೇಕು?

ಈ ಮಾತು ನಿರ್ಲಕ್ಷಿಸತಕ್ಕದ್ದಲ್ಲ. ನಮಗಾದ ಹಾನಿಗಾಗಿ ಸೇಡು ತೀರಿಸಿಕೊಳ್ಳಬಾರದೆಂಬದೂ, ಸಹೋದರರೊಳಗೆ ಅಲ್ಪ ಲಾಭಕ್ಕಾಗಿ ಕೋರ್ಟು ಹತ್ತಬಾರದೆಂಬದೂ ಸ್ಥಿರವಾದ ಉಪದೇಶ. ಆದರೆ ಆ ಉಪದೇಶದಲ್ಲಿ ಒಂದು ಮೇರೆಯುಂಟು. ನನ್ನ ಕೆನ್ನೆಯನ್ನು ತಿರುಗಿಸುವದಕ್ಕೆ ನನಗೆ ಅಧಿಕಾರವುಂಟು; ನೆರೆಯವನ ಕೆನ್ನೆಯನ್ನು ಹೊಡೆಯುವವನ ಕಡೆಗೆ ತಿರುಗಿಸಿ ಹಿಡಿಯುವದಕ್ಕೆ ನನಗೆ ಯಾವ ಅಧಿಕಾರವೂ ಇಲ್ಲ. ನನ್ನ ಅಂಗಿಯನ್ನು ನಾನು ಕೊಡಬಹುದು. ವಿಧವೆಯ ಸೀರೆಯನ್ನು ಕೊಟ್ಟು ನಾನು ದಾನಿಯಾಗಲಾರೆನು. ಕಳ್ಳ ತಕ್ಕಡಿಯು ಒಬ್ಬನನ್ನೇ ಹೊಡೆದು ಸುಮ್ಮನಾಗುವದೋ? ಲೆಕ್ಕ ಹಾಕಿ ನೋಡಿರಿ. ಕಿಲೋಗ್ರಾಮಿಗೆ 50 ಗ್ರಾಮು ಮಾತ್ರ ಕಡಮೆ ತೂಗುವ ಒಂದು ತಕ್ಕಡಿಯಲ್ಲಿ ದಿನಕ್ಕೆ 100 ಕಿಲೋ ಅಕ್ಕಿ ಮಾರಾಟವಾದರೆ, ದಿನಕ್ಕೆ 5 ಕಿಲೋ, ವರುಷದಲ್ಲಿ 300 ದಿನಕ್ಕೆ 1,500 ಕಿಲೋ ಅಕ್ಕಿಯು ಗಿರಾಕಿಗಳ ಕೈಯಿಂದ ಕಾಣದ ಹಾಗೆ ಹೋಯಿತು. ಅದರಲ್ಲಿ ನಿಮ್ಮ ಪಾಲು ಒಂದು ಹಿಡಿ. ಉಳಿದದ್ದು ಯಾರದು? ರಬ್ಬರು ತೋಟದಲ್ಲಿ ಮುಂಜಾನೆ ಮರ ಕೆತ್ತಿ ಬಂದ ಕೂಲಿಯವಳದು; ಬೀಡಿ ಕಟ್ಟಿ ಮಕ್ಕಳನ್ನು ಸಾಕುವ ತಾಯಿಯದು; ಲೆಕ್ಕ ತಿಳಿಯದ ಮುದುಕನದು. ನೀವು ನಿಮ್ಮ ಹಿಡಿಯನ್ನು ಕ್ಷಮಿಸಿದಿರಿ, ಒಳ್ಳೇದು. ಆದರೆ ಅವರ 1,500 ಕಿಲೋವನ್ನು ಕ್ಷಮಿಸುವದಕ್ಕೆ ನಿಮ್ಮನ್ನು ನೇಮಿಸಿದವರು ಯಾರು?

ಇದಲ್ಲದೆ ಕರ್ತನ ನಡತೆಯನ್ನೇ ನೋಡೋಣ. ಯೋಹಾನನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ, ಮಹಾಯಾಜಕನ ಮುಂದೆ ಒಬ್ಬ ಓಲೇಕಾರನು ಆತನಿಗೆ ಏಟುಕೊಟ್ಟಾಗ, ಆತನು ತಿರುಗಿ ಹೊಡೆಯಲಿಲ್ಲ; ಆದರೆ ಸುಮ್ಮನೆಯೂ ಇರಲಿಲ್ಲ. ತನ್ನ ಮಾತಿನಲ್ಲಿ ತಪ್ಪಿದ್ದರೆ ತೋರಿಸು, ಇಲ್ಲವಾದರೆ ಹೊಡೆದದ್ದಕ್ಕೆ ಕಾರಣ ಹೇಳು ಎಂದು ಕೇಳಿದನು. ಕೋಪವಿಲ್ಲದೆ ಕಾರಣವನ್ನು ಕೇಳುವದು ಹೇಗೆಂಬದಕ್ಕೆ ಇದಕ್ಕಿಂತ ಉತ್ತಮ ಮಾದರಿ ಎಲ್ಲಿ ಸಿಕ್ಕೀತು? ಪೌಲನನ್ನು ಫಿಲಿಪ್ಪಿಯಲ್ಲಿ ವಿಚಾರಣೆಯಿಲ್ಲದೆ ಹೊಡೆಸಿ ಸೆರೆಯಲ್ಲಿ ಹಾಕಿ, ಮರುದಿನ ಗುಟ್ಟಾಗಿ ಕಳುಹಿಸಿಬಿಡಬೇಕೆಂದು ಅಧಿಕಾರಿಗಳು ನೆನಸಿದಾಗ ಅವನು ಒಪ್ಪಲಿಲ್ಲ. ಅವರೇ ಬಂದು ಕರಕೊಂಡು ಹೋಗಲೆಂದು ಹಟಹಿಡಿದನು. ಅವನ ಬೆನ್ನಿನ ಗಾಯವು ಅದರಿಂದ ಮಾಯಲಿಲ್ಲ. ಆದರೆ ಆ ಪಟ್ಟಣದಲ್ಲಿ ಹೊಸದಾಗಿ ಹುಟ್ಟಿದ ಸಣ್ಣ ಸಭೆಯನ್ನು ಯಾರೂ ಮನಬಂದಂತೆ ಹೊಡೆಯಕೂಡದೆಂಬದು ಎಲ್ಲರಿಗೂ ತಿಳಿಯಿತು. ಅವನ ದೂರು ತನಗಾಗಿ ಅಲ್ಲ, ಹಿಂದೆ ಉಳಿಯುವವರಿಗಾಗಿ.

ಇನ್ನೊಂದು ಸಂಗತಿಯನ್ನು ಅನೇಕರು ಗಮನಿಸುವದಿಲ್ಲ. ನೆರೆಯವನನ್ನು ನಮ್ಮಂತೆಯೇ ಪ್ರೀತಿಸಬೇಕೆಂಬ ದೊಡ್ಡ ಆಜ್ಞೆಯು ಮೊದಲು ಬರೆಯಲ್ಪಟ್ಟದ್ದು ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ. ಅದಕ್ಕೆ ಒಂದೇ ವಚನದ ಹಿಂದೆ, ನೆರೆಯವನ ತಪ್ಪನ್ನು ಅವನಿಗೆ ತಿಳಿಸಬೇಕು, ಇಲ್ಲವಾದರೆ ಅವನ ಪಾಪದಲ್ಲಿ ನಾವೂ ಭಾಗಿಗಳಾದೇವು ಎಂಬ ಅರ್ಥದ ಆಜ್ಞೆಯುಂಟು. ಅದೇ ಅಧ್ಯಾಯದ ಕೊನೆಯಲ್ಲಿ ಸರಿಯಾದ ತ್ರಾಸು, ಸರಿಯಾದ ಕಲ್ಲು, ಸರಿಯಾದ ಅಳತೆ ಇರಬೇಕೆಂಬ ಆಜ್ಞೆಯುಂಟು. ಎಚ್ಚರಿಸುವದು, ಪ್ರೀತಿಸುವದು, ಸರಿಯಾಗಿ ತೂಗುವದು — ಈ ಮೂರೂ ಒಂದೇ ಮನೆಯ ಮಕ್ಕಳು. ಹೀಗಿರಲಾಗಿ, ಅಂಗಡಿಯವನಿಗೆ ಅವನ ತಪ್ಪನ್ನು ಹೇಳದೆ ಬೆನ್ನ ಹಿಂದೆ ಮಾತ್ರ ಕಳ್ಳನೆಂದು ಆಡಿಕೊಳ್ಳುವವನು ಅವನನ್ನು ಕ್ಷಮಿಸಿದವನಲ್ಲ. ಅವನ ಆತ್ಮದ ಕೇಡನ್ನು ಕಂಡೂ ದಾರಿಯ ಆಚೆ ಬದಿಯಿಂದ ಹಾದುಹೋದವನು. ಸಾಲ ಎಷ್ಟೆಂದು ಹೇಳದೆ ಸಾಲವನ್ನು ಮನ್ನಿಸುವದು ಹೇಗೆ? ಕ್ಷಮೆಯು ಸತ್ಯವನ್ನು ನುಡಿದ ಮೇಲೆ ಬರತಕ್ಕದ್ದು. ಸತ್ಯವನ್ನು ನುಂಗಿ ಬರತಕ್ಕದ್ದಲ್ಲ.

ಎರಡನೆಯ ಆಕ್ಷೇಪವು ಇದು: ನಾವು ಕಾಡಿನ ಅಂಚಿನಲ್ಲಿರುವ ಬಡವರು, ನಮ್ಮ ಮಾತನ್ನು ಕೇಳುವವರು ಯಾರು? ಇದಕ್ಕೆ ಚರಿತ್ರೆಯೇ ಉತ್ತರ ಕೊಡುತ್ತದೆ.

ಅಮೇರಿಕಾ ದೇಶದಲ್ಲಿ ಜಾನ್ ವುಲ್ಮನ್ (1720–1772) ಎಂಬ ಕ್ವೇಕರ ಸಭೆಯ ದರ್ಜಿಯೊಬ್ಬನಿದ್ದನು. ಗುಲಾಮರ ಬೆವರಿನಿಂದ ಆದ ಸಕ್ಕರೆಯನ್ನು ತಿನ್ನುವದಕ್ಕೆ ಅವನ ಮನಸ್ಸಾಕ್ಷಿಯು ಒಪ್ಪಲಿಲ್ಲ. ಗುಲಾಮರನ್ನು ಇಟ್ಟುಕೊಂಡ ಮನೆಯಲ್ಲಿ ಉಳುಕೊಳ್ಳಬೇಕಾಗಿ ಬಂದರೆ, ಅವರು ಮಾಡಿದ ಸೇವೆಗೆ ಹಣವನ್ನು ಕೊಟ್ಟು ಹೊರಡುತ್ತಿದ್ದನು. ಜನರು ಅವನನ್ನು ವಿಚಿತ್ರ ಮನುಷ್ಯನೆಂದರು. ಅವನು ಸತ್ತು ಸುಮಾರು ಇಪ್ಪತ್ತು ವರುಷಗಳಾಗುವಾಗ, 1791ರಲ್ಲಿ, ಇಂಗ್ಲೆಂಡಿನ ಪಾರ್ಲಿಮೆಂಟು ಗುಲಾಮರ ವ್ಯಾಪಾರವನ್ನು ನಿಲ್ಲಿಸುವ ಮಸೂದೆಯನ್ನು ತಳ್ಳಿಬಿಟ್ಟಿತು. ಆಗ ಓಟಿನ ಹಕ್ಕಿಲ್ಲದ ಸಾಮಾನ್ಯ ಜನರು, ಮುಖ್ಯವಾಗಿ ಅಡಿಗೆಮನೆಯ ಹೆಂಗಸರು, ಆ ಸಕ್ಕರೆಯನ್ನು ಕೊಳ್ಳುವದನ್ನೇ ಬಿಟ್ಟರು. ಹಾಗೆ ಬಿಟ್ಟವರು ಮೂರು ಲಕ್ಷದಷ್ಟು ಮಂದಿ ಎಂದು ಥಾಮಸ್ ಕ್ಲಾರ್ಕ್ಸನ್ ಅಂದಾಜು ಮಾಡಿದನು. 1807ರಲ್ಲಿ ಆ ವ್ಯಾಪಾರವು ಕಾಯಿದೆಯಿಂದ ನಿಷೇಧಿಸಲ್ಪಟ್ಟಿತು. ಸಕ್ಕರೆಯ ಡಬ್ಬಿಯೊಂದರಿಂದಲೇ ಅದು ಆಯಿತೆಂದು ಹೇಳಲಾರೆವು. ಆದರೆ ಕೊಳ್ಳುವವನ ಕೈಗೆ ಒಂದು ಮಾತು ಉಂಟೆಂಬದನ್ನು ಲೋಕವು ಅಂದು ಕಲಿತಿತು. ತರುವಾಯ 1844ರಲ್ಲಿ ರಾಚ್‌ಡೇಲ್ ಎಂಬ ಊರಿನಲ್ಲಿ ನೇಕಾರರೂ ಬೇರೆ ಕೈಕೆಲಸದವರೂ ಕೂಡಿ 28 ಮಂದಿ ಬಡವರು ಚಿಕ್ಕಾಸು ಚಿಕ್ಕಾಸಾಗಿ ಹಣ ಸೇರಿಸಿ, ಬೆರಕೆಯಿಲ್ಲದ ಹಿಟ್ಟು, ಬೆಣ್ಣೆ, ಸಕ್ಕರೆಗಳನ್ನು ಸರಿಯಾದ ತೂಕದಲ್ಲಿ ಮಾರುವ ತಮ್ಮದೇ ಅಂಗಡಿಯನ್ನು ತೆರೆದರು. ಇಂದು ಲೋಕವೆಲ್ಲಾ ಹಬ್ಬಿರುವ ಸಹಕಾರಿ ಸಂಘಗಳು ಆ ಅಂಗಡಿಯನ್ನು ತಮ್ಮ ತಾಯಿಯೆಂದು ಎಣಿಸುತ್ತವೆ.

ದೂರದೇಶದ ಮಾತು ಸಾಕು ಎನ್ನುವವರು ನಮ್ಮ ಕರಾವಳಿಯನ್ನೇ ನೋಡಲಿ. ಬಳಕೆದಾರರಿಗಾಗಿ ದೇಶದಲ್ಲಿ ಕಾಯಿದೆಯು ಆದದ್ದು 1986ರಲ್ಲಿ. ಅದಕ್ಕೆ ಮುಂಚಿತವಾಗಿಯೇ ಕುಂದಾಪುರ ಸೀಮೆಯ ಬಸ್ರೂರು ಎಂಬ ಹಳ್ಳಿಯ ಹೆಸರಿನಲ್ಲಿ ಬಳಕೆದಾರರ ವೇದಿಕೆಯೊಂದು ಹುಟ್ಟಿ, ಡಾ. ರವೀಂದ್ರನಾಥ ಶಾನುಭಾಗರ ಮುಂದಾಳ್ತನದಲ್ಲಿ, ಮೋಸಹೋದ ಸಾಮಾನ್ಯರಿಗೆ ಅರ್ಜಿ ಬರೆಯುವದನ್ನೂ ನ್ಯಾಯವನ್ನು ಕೇಳುವದನ್ನೂ ಕಲಿಸಿತು. ನಮ್ಮ ಅಡಿಕೆಯ ಬೆಳೆಗಾರರೂ ಬೆಲೆಯ ಏರಿಳಿತದಿಂದ ಬಳಲಿದಾಗ, ವಾರಣಾಶಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ 1973ರಲ್ಲಿ ಕ್ಯಾಂಪ್ಕೋ ಸಂಘವನ್ನು ಕಟ್ಟಿ, ತಮ್ಮ ಅಡಿಕೆಯನ್ನು ತಾವೇ ತೂಗುವ ಸ್ಥಳವನ್ನು ಮಾಡಿಕೊಂಡರು. ಒಬ್ಬೊಬ್ಬರಾಗಿ ಗೊಣಗಿದರೆ ಗಾಳಿಗೆ ಹೋಗುವ ಮಾತು, ಕೂಡಿ ಹೇಳಿದರೆ ನಿಯಮವಾಗುತ್ತದೆ.

ಮಾತಾಡದಿದ್ದರೆ ಏನಾಗುತ್ತದೆಂಬದಕ್ಕೂ ನಮ್ಮ ನೆರೆಯಲ್ಲಿಯೇ ದುಃಖಕರವಾದ ಸಾಕ್ಷಿಯುಂಟು. ಕಾಸರಗೋಡಿನ ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಎಂಬ ವಿಷವನ್ನು ವರುಷಾನುವರುಷ ಹೆಲಿಕಾಪ್ಟರಿನಿಂದ ಸುರಿದರು. ನಮ್ಮ ಜಿಲ್ಲೆಯ ಕೊಕ್ಕಡ ಮೊದಲಾದ ಊರುಗಳೂ ಅದರ ಕಹಿಯನ್ನು ಉಂಡವು. ಅಂಗವಿಕಲರಾಗಿ ಹುಟ್ಟಿದ ಮಕ್ಕಳನ್ನು ಕೆಲವರು ಪೂರ್ವಕರ್ಮವೆಂದರು, ಕೆಲವರು ದೈವದ ಶಾಪವೆಂದರು. ಕೊನೆಗೆ ಪಡ್ರೆಯ ವೈದ್ಯರಾದ ಡಾ. ವೈ. ಎಸ್. ಮೋಹನ ಕುಮಾರರು ತಾವು ಕಂಡ ರೋಗಗಳ ವಿಷಯವಾಗಿ ಬರೆದರು. ಪತ್ರಕರ್ತರಾದ ಶ್ರೀ ಪಡ್ರೆಯವರು ಲೋಕಕ್ಕೆ ತಿಳಿಸಿದರು. ಕೃಷಿ ಇಲಾಖೆಯ ನೌಕರಳಾಗಿದ್ದ ಪೆರಿಯದ ಲೀಲಾಕುಮಾರಿಯಮ್ಮನವರು 1998ರಲ್ಲಿ ನ್ಯಾಯಾಲಯದ ಬಾಗಿಲನ್ನು ತಟ್ಟಿದರು. 2011ರ ಮೇ 13ರಂದು ಸುಪ್ರೀಮ್ ಕೋರ್ಟು ಆ ವಿಷದ ತಯಾರಿಕೆಯನ್ನೂ ಮಾರಾಟವನ್ನೂ ಬಳಕೆಯನ್ನೂ ದೇಶದಲ್ಲೆಲ್ಲಾ ತಡೆಯಿತು. ಬಾಯಿಬಿಟ್ಟವರು ಬೆರಳೆಣಿಕೆಯವರು. ಅವರೂ ಸುಮ್ಮನಿದ್ದಿದ್ದರೆ ಇನ್ನೆಷ್ಟು ತೊಟ್ಟಿಲುಗಳು ಆ ನೋವನ್ನು ಕಾಣಬೇಕಾಗಿತ್ತೋ ದೇವರೇ ಬಲ್ಲನು.

ಮೂರನೆಯ ಆಕ್ಷೇಪವು ಬಾಯಿಂದ ಬರುವದು ಕಡಮೆ. ಆದರೆ ಹೃದಯದಲ್ಲಿ ಅದೇ ಎಲ್ಲಕ್ಕಿಂತ ಭಾರವಾಗಿರುತ್ತದೆ. ಅದೇನಂದರೆ ಕಡ. ಆಷಾಢದ ಮಳೆಯಲ್ಲಿ ಕೂಲಿಯಿಲ್ಲದ ದಿನಗಳಲ್ಲಿ ಯಾವ ಅಂಗಡಿಯವನು ಪುಸ್ತಕದಲ್ಲಿ ಬರಕೊಂಡು ಅಕ್ಕಿ ಕೊಟ್ಟನೋ, ಅವನ ತಕ್ಕಡಿಯ ಮೇಲೆ ಕಣ್ಣಿಡುವದು ಹೇಗೆ? ನಾಳೆ ಅವನು ಕಡ ಕೊಡದಿದ್ದರೆ ಮಕ್ಕಳ ಗತಿ ಏನು? ಸಾಲವು ಮನುಷ್ಯನ ಕೈಯನ್ನು ಕಟ್ಟುವ ಮೊದಲು ಅವನ ನಾಲಿಗೆಯನ್ನು ಕಟ್ಟುತ್ತದೆ. ಇಂಥವರಿಗೆ ಹೆದರಬೇಡಿರೆಂದು ಪುಸ್ತಕದಲ್ಲಿ ಬರೆಯುವದು ಸುಲಭ, ಅನುಭವಿಸುವದು ಕಷ್ಟ. ಆದಕಾರಣ ನಾವು ನ್ಯಾಯವಾಗಿ ಹೇಳತಕ್ಕದ್ದೇನಂದರೆ, ಮಾತಾಡುವ ಭಾರವು ಎಲ್ಲರ ಮೇಲೆ ಒಂದೇ ಸಮನಾಗಿ ಬೀಳುವದಿಲ್ಲ. ಯಾರಿಗೆ ಸಂಬಳವುಂಟೋ, ಯಾರಿಗೆ ಅಕ್ಷರವುಂಟೋ, ಯಾರ ಹೆಸರು ಅಂಗಡಿಯ ಕಡದ ಪುಸ್ತಕದಲ್ಲಿ ಇಲ್ಲವೋ, ಅವರೇ ಮೊದಲು ಬಾಯಿತೆರೆಯತಕ್ಕದ್ದು. ಉಪಾಧ್ಯಾಯನೂ ಸಭಾಪಾಲಕನೂ ಸಭೆಯ ಹಿರಿಯನೂ ತೋಟವುಳ್ಳವನೂ ಸುಮ್ಮನಿದ್ದು, ಕೂಲಿಯವಳು ಯಾಕೆ ದೂರುಕೊಡಲಿಲ್ಲವೆಂದು ಕೇಳುವದು ನಾಚಿಕೆಗೇಡು. ಮೂಕರಿಗಾಗಿ ಬಾಯಿತೆರೆಯಬೇಕೆಂದು ಜ್ಞಾನೋಕ್ತಿಗಳ ಕೊನೆಯ ಅಧ್ಯಾಯದಲ್ಲಿ ಬುದ್ಧಿ ಹೇಳಿದವಳು ಒಬ್ಬ ತಾಯಿ, ಕೇಳಿದವನು ಅರಸನು. ಬಲವಿದ್ದವನಿಗೇ ಆ ಬುದ್ಧಿಯು ಹೇಳಲ್ಪಟ್ಟಿತು. ನೆಹೆಮೀಯನ ಪುಸ್ತಕದ 5ನೆಯ ಅಧ್ಯಾಯದಲ್ಲಿ ಸಾಲದಿಂದ ನರಳಿದ ಜನರ ಕೂಗನ್ನು ಕೇಳಿ, ದೊಡ್ಡವರನ್ನು ಸಭೆಯ ಮುಂದೆ ನಿಲ್ಲಿಸಿದವನು ದೇಶಾಧಿಪತಿಯೇ.

ತೋಟಗಾರರೂ ಇಲ್ಲಿ ತಮಗೆ ಸಂಬಂಧವಿಲ್ಲವೆಂದು ನೆನಸಬಾರದು. ಮಳೆಗಾಲಕ್ಕೆ ಮುಂಚೆ ನಾವು ಕೊಳೆರೋಗಕ್ಕೆಂದು ಮೈಲುತುತ್ತನ್ನು ಕೊಳ್ಳುತ್ತೇವೆ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, 100 ಲೀಟರು ನೀರು ಎಂಬದು ಬೋರ್ಡೋ ದ್ರಾವಣದ ಲೆಕ್ಕ. ಮೈಲುತುತ್ತಿನಲ್ಲಿ ಬೆರಕೆಯಿದ್ದರೆ ಅದು ಕೊಂಡ ದಿನ ತಿಳಿಯದು. ಜಡಿಮಳೆಯಲ್ಲಿ ಎಳೆಯ ಅಡಿಕೆಯು ಬುಡಕ್ಕೆ ಉದುರಿಬಿದ್ದಾಗ ತಿಳಿಯುತ್ತದೆ. ಆಗ ರಸೀದಿಯೂ ಇಲ್ಲ, ಚೀಲವೂ ಇಲ್ಲ, ಮಳೆಯನ್ನು ಬಯ್ದು ಸುಮ್ಮನಾಗುತ್ತೇವೆ. ಬೇಸಾಯಗಾರನು ಬಳಕೆದಾರನಲ್ಲವೆಂದು ಬೀಜದ ವ್ಯಾಪಾರಿಗಳು ವಾದಿಸಿದ್ದುಂಟು. ಆದರೆ ಬಿತ್ತನೆಯ ಬೀಜವನ್ನು ಕೊಂಡ ರೈತನೂ ಬಳಕೆದಾರನೇ ಎಂದು 2012ರಲ್ಲಿ ಸುಪ್ರೀಮ್ ಕೋರ್ಟು ತೀರ್ಪು ಕೊಟ್ಟಿರುತ್ತದೆ. ಆದುದರಿಂದ ಗೊಬ್ಬರ, ಔಷಧ, ಸಸಿ, ಏನನ್ನೇ ಕೊಂಡರೂ ರಸೀದಿಯನ್ನು ಕೇಳಿ ತಕ್ಕೊಳ್ಳಿರಿ. ಕಟ್ಟಿನ ಮೇಲಿನ ತಾರೀಕೂ ತಂಡದ ಸಂಖ್ಯೆಯೂ ಇರುವ ಭಾಗವನ್ನು ಬೆಳೆ ಕೈಗೆ ಬರುವ ವರೆಗೆ ಜೋಪಾನವಾಗಿ ಇಡಿರಿ.

ಹಾಗಾದರೆ ಹೇಗೆ ಮಾತಾಡಬೇಕು? ಕರ್ತನು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ತಪ್ಪುಮಾಡಿದ ಸಹೋದರನ ವಿಷಯವಾಗಿ ಮೂರು ಮೆಟ್ಟಿಲುಗಳನ್ನು ತೋರಿಸಿದ್ದಾನೆ. ಅದು ಸಭೆಗಾಗಿ ಹೇಳಿದ್ದಾದರೂ ಪೇಟೆಯಲ್ಲಿಯೂ ಅದಕ್ಕಿಂತ ಒಳ್ಳೆಯ ದಾರಿಯು ಕಾಣುವದಿಲ್ಲ.

ಒಂದನೆಯ ಮೆಟ್ಟಿಲು: ಅವನೊಬ್ಬನೇ ಇರುವಾಗ ಹೋಗಿ ಹೇಳುವದು. ಹತ್ತು ಗಿರಾಕಿಗಳ ಮುಂದೆ ಮಾನ ಕಳೆಯುವದರಿಂದ ಮೊದಲುಮಾಡಬಾರದು. "ಅಣ್ಣಾ, ಮನೆಯಲ್ಲಿ ತೂಗಿ ನೋಡಿದೆ, ಕಡಮೆ ಬಂತು, ನಿಮ್ಮ ತಕ್ಕಡಿಯನ್ನು ಒಮ್ಮೆ ನೋಡಿಸಿರಿ" ಎಂದು ಹೇಳಿದರೆ, ತಿಳಿಯದೆ ತಪ್ಪಿದವನು ಉಪಕಾರ ಸ್ಮರಿಸುವನು, ತಿಳಿದು ತಪ್ಪಿದವನು ಎಚ್ಚರವಾಗುವನು. ವಿದ್ಯುತ್ತಿನ ತಕ್ಕಡಿಗೆ ವರುಷಕ್ಕೊಮ್ಮೆ ಸರಕಾರದ ಮುದ್ರೆಯನ್ನು ಹಾಕಿಸಬೇಕೆಂಬ ನಿಯಮವುಂಟು. ಆ ಮುದ್ರೆಯನ್ನು ತೋರಿಸೆಂದು ಕೇಳುವದು ಗಿರಾಕಿಯ ಹಕ್ಕು, ಅವಮಾನವಲ್ಲ. ಪೆಟ್ರೋಲು ಬಂಕಿನಲ್ಲಿಯೂ ಐದು ಲೀಟರಿನ ಅಳತೆಯ ಪಾತ್ರೆಯಿಂದ ಪರೀಕ್ಷಿಸಿ ತೋರಿಸೆಂದು ಕೇಳಬಹುದು.

ಎರಡನೆಯ ಮೆಟ್ಟಿಲು: ಇಬ್ಬರು ಮೂವರು ಸಾಕ್ಷಿಗಳ ಸಂಗಡ ಹೋಗುವದು. ನಮ್ಮ ಕಾಲದಲ್ಲಿ ರಸೀದಿಯೂ ತಾರೀಕು ಹಾಕಿ ಬರೆದ ಪತ್ರವೂ ಉತ್ತಮವಾದ ಸಾಕ್ಷಿಗಳು. ಸಭೆಯ ಸ್ತ್ರೀಸಮಾಜದವರೋ ಯೌವನಸ್ಥರ ಸಂಘದವರೋ ನಾಲ್ಕು ಮನೆಗಳ ದೂರುಗಳನ್ನು ಒಂದೇ ಕಾಗದದಲ್ಲಿ ಬರೆದುಕೊಟ್ಟರೆ, ಕಡಕ್ಕೆ ಅಂಜುವವಳ ಹೆಸರು ಮುಂದೆ ಬರದೆ ಅವಳ ಕಷ್ಟವು ಮುಂದೆ ಬರುವದು.

ಮೂರನೆಯ ಮೆಟ್ಟಿಲು: ಅಧಿಕಾರಿಗಳಿಗೆ ತಿಳಿಸುವದು. ತೂಕ, ಅಳತೆ, ಅಚ್ಚಾದ ಬೆಲೆ ಇವುಗಳ ವಿಷಯವನ್ನು ಕಾನೂನು ಮಾಪನ ಇಲಾಖೆಯು ವಿಚಾರಿಸುತ್ತದೆ. ಇದಕ್ಕೆ 2009ರ ಕಾಯಿದೆಯು ಆಧಾರ. ಅಚ್ಚಾದ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಸೇರಿರುತ್ತವೆ. ಅದಕ್ಕಿಂತ ಹೆಚ್ಚು ಕೇಳಕೂಡದು. 2020ರ ಜುಲೈ 20ರಿಂದ ಜಾರಿಗೆ ಬಂದ ಹೊಸ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ, ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರುಕೊಡಬಹುದು. ಕೊಂಡದ್ದು ಎಲ್ಲಿಯಾದರೂ ಚಿಂತೆಯಿಲ್ಲ. ಎರಡು ವರುಷದೊಳಗೆ ಕೊಡಬೇಕು. ಕೊಟ್ಟ ಬೆಲೆಯು ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ವಕೀಲನೇ ಬೇಕೆಂದೂ ಇಲ್ಲ. ಮಂಗಳೂರು ನಮ್ಮ ಸುಳ್ಯಕ್ಕೆ ಎಂಭತ್ತು ಕಿಲೋಮೀಟರಿಗೂ ಮಿಕ್ಕಿ ದೂರವಾದ್ದರಿಂದ, ಮೊದಲು 1915 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಆಲೋಚನೆ ಕೇಳುವದು ಲೇಸು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಬಿಡಲಾಗದು. ಸುಳ್ಯ ತಾಲೂಕಿನ ವಿದ್ಯುತ್ತಿನ ಕಷ್ಟವು ಎಲ್ಲರಿಗೂ ತಿಳಿದದ್ದೇ. 110 ಕೆ.ವಿ. ಕೇಂದ್ರವು ಬೇಕೆಂದು ಜನರು ವರುಷಗಳಿಂದ ಕೂಗಿಕೊಂಡರು. 2016ರಲ್ಲಿ ಈ ತಾಲೂಕಿನವರೊಬ್ಬರು ಕರೆಂಟಿನ ಕಷ್ಟವನ್ನು ಹೇಳಲು ರಾಜ್ಯದ ಇಂಧನ ಮಂತ್ರಿಗಳಿಗೇ ದೂರವಾಣಿ ಮಾಡಿದರು. ಮಾತಿಗೆ ಮಾತು ಬೆಳೆಯಿತು. ಬೈದರೆಂಬ ಆರೋಪದ ಮೇಲೆ ಪೋಲೀಸರ ಕೇಸಾಯಿತು. ವರುಷಗಳ ತರುವಾಯ ಆ ಮಂತ್ರಿಗಳಾಗಿದ್ದವರು ಸಾಕ್ಷಿ ಹೇಳುವದಕ್ಕೆ ಸುಳ್ಯದ ನ್ಯಾಯಾಲಯಕ್ಕೆ ಬಂದರು. ಯಾರದು ತಪ್ಪು, ಯಾರದು ಸರಿ ಎಂದು ತೀರ್ಪು ಮಾಡುವದು ಈ ಬರಹದ ಕೆಲಸವಲ್ಲ. ಆದರೆ ನಾವು ಎರಡು ಪಾಠಗಳನ್ನು ಕಲಿಯಬಹುದು. ಮಾತು ಬಿಸಿಯಾದ ಕೂಡಲೆ ಎಲ್ಲರ ಲಕ್ಷ್ಯವು ಬಯ್ಗಳ ಮೇಲೆ ಹೋಗುತ್ತದೆ, ಕತ್ತಲೆಯ ಮನೆಯು ಮರೆತುಹೋಗುತ್ತದೆ. ಮತ್ತು ಅಧಿಕಾರದಲ್ಲಿರುವವರು ಕೇಳುವ ಕಿವಿಯನ್ನು ಕಳಕೊಂಡರೆ, ಸೌಮ್ಯವಾದ ಜನರೂ ಕಠಿಣವಾಗಿ ಮಾತಾಡುವದನ್ನು ಕಲಿಯುತ್ತಾರೆ. 2003ರ ವಿದ್ಯುತ್ ಕಾಯಿದೆಯು ಬಳಕೆದಾರರ ಕುಂದುಕೊರತೆಗಾಗಿ ಪ್ರತ್ಯೇಕ ವೇದಿಕೆಯನ್ನೂ ಅದರ ಮೇಲೆ ಒಬ್ಬ ಲೋಕಪಾಲರನ್ನೂ ಏರ್ಪಡಿಸಿದೆ. ದರವನ್ನು ಏರಿಸುವ ಮುಂಚೆ ನಿಯಂತ್ರಣ ಆಯೋಗವು ಬಹಿರಂಗ ವಿಚಾರಣೆಯನ್ನು ನಡಿಸುತ್ತದೆ. ಅಲ್ಲಿ ನಿಂತು ತಾರೀಕುಗಳನ್ನೂ ಗಂಟೆಗಳನ್ನೂ ಓದಿ ಹೇಳುವ ಒಬ್ಬ ಶಾಂತ ಮನುಷ್ಯನ ಮಾತು ನೂರು ಕೂಗಿಗಿಂತ ಗಟ್ಟಿಯಾದದ್ದು. ಮತ್ತೂ ನಮ್ಮ ಬೆಳಕಿಗಾಗಿ ಎಳೆಯುವ ತಂತಿಯು ಇನ್ನೊಬ್ಬನ ತೋಟದ ಮೇಲಿಂದ ಹೋಗುತ್ತದೆಂಬದನ್ನು ನೆನಪಿಟ್ಟು, ಅವನಿಗೂ ನ್ಯಾಯ ದೊರೆಯುವಂತೆ ಕೇಳುವದು ಕ್ರಿಸ್ತನ ಶಿಷ್ಯರಿಗೆ ತಕ್ಕದ್ದು.

ಕಡೆಯದಾಗಿ ನಮ್ಮ ಸ್ವಂತ ಕೈಗಳನ್ನು ನೋಡಿಕೊಳ್ಳೋಣ. ಕೊಳ್ಳುವಾಗ ಸರಕನ್ನು ಹೀಗಳೆದು, ಕೊಂಡ ಮೇಲೆ ಲಾಭವಾಯಿತೆಂದು ಹೊಗಳಿಕೊಳ್ಳುವವನ ಚಿತ್ರವು ಜ್ಞಾನೋಕ್ತಿಗಳ 20ನೆಯ ಅಧ್ಯಾಯದಲ್ಲಿದೆ. ದೊಡ್ಡ ಅಂಗಡಿಯಲ್ಲಿ ಕೇಳಿದಷ್ಟು ಕೊಟ್ಟು, ದಾರಿಬದಿಯಲ್ಲಿ ಬಸಳೆ ಮಾರುವ ಮುದುಕಿಯ ಸಂಗಡ ಐದು ರೂಪಾಯಿಗಾಗಿ ಚೌಕಾಶಿ ಮಾಡುವವನು ನ್ಯಾಯದ ಮಾತನ್ನು ಆಡಲಾರನು. ತೆರಿಗೆಯನ್ನು ಉಳಿಸುವದಕ್ಕಾಗಿ ರಸೀದಿ ಬೇಡವೆಂದವನಿಗೆ ಮುಂದೆ ದೂರುವದಕ್ಕೆ ಬಾಯಿಯೂ ಇಲ್ಲ, ಕಾಗದವೂ ಇಲ್ಲ. ಬಳಸಿ ಹಾಳುಮಾಡಿದ ವಸ್ತುವನ್ನು ಮೊದಲೇ ಕೆಟ್ಟಿತ್ತೆಂದು ಹಿಂದೆಕೊಡುವದು ಸುಳ್ಳು. ಮತ್ತು ನಮ್ಮಲ್ಲಿ ಬಹು ಮಂದಿ ಕೊಳ್ಳುವವರು ಮಾತ್ರವಲ್ಲ, ಮಾರುವವರೂ ಆಗಿದ್ದೇವೆ. ಡೈರಿಗೆ ಕೊಂಡೊಯ್ಯುವ ಹಾಲಿನಲ್ಲಿ ನೀರು, ಒಣಗಿದೆಯೆಂದು ಮಾರುವ ಅಡಿಕೆಯಲ್ಲಿ ತೇವ, ಕರಿಮೆಣಸಿನಲ್ಲಿ ಪಪ್ಪಾಯಿಯ ಬೀಜ — ಇವೂ ಎರಡು ಬಗೆಯ ಕಲ್ಲುಗಳೇ. ಪೇಟೆಯ ತಕ್ಕಡಿಯನ್ನು ಪರೀಕ್ಷಿಸಲು ಹೊರಡುವವನು ತನ್ನ ಅಂಗಳದ ತಕ್ಕಡಿಯನ್ನು ಮೊದಲು ತೂಗಿಕೊಳ್ಳಲಿ. ಅವನ ಕೈ ಶುದ್ಧವಾಗಿದ್ದರೆ ಅವನ ಮಾತಿಗೆ ತೂಕವು ತಾನಾಗಿಯೇ ಬರುತ್ತದೆ.

ಆದಕಾರಣ, ಪ್ರಿಯರೇ, ತಾಳ್ಮೆಯನ್ನು ಬಿಡಬೇಡಿರಿ; ಆದರೆ ಅಂಜಿಕೆಗೆ ತಾಳ್ಮೆಯ ಹೆಸರಿಡಬೇಡಿರಿ. ನಿಮಗೆ ಮಾತ್ರ ಆದ ನಷ್ಟವನ್ನು ಮನಃಪೂರ್ವಕವಾಗಿ ಬಿಟ್ಟುಬಿಡಬಲ್ಲಿರಾದರೆ ಬಿಡಿರಿ, ಅದು ನಿಮ್ಮ ಧನ್ಯತೆ. ನೆರೆಯವನಿಗೆ ಆಗುವ ನಷ್ಟವನ್ನು ಕಂಡಾಗ ಬಾಯಿತೆರೆಯಿರಿ, ಅದು ನಿಮ್ಮ ಕರ್ತವ್ಯ. ಕೂಲಿಗಾರರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆಂದು ಯಾಕೋಬನು ತನ್ನ ಪತ್ರದಲ್ಲಿ ಎಚ್ಚರಿಸಿದ್ದಾನೆ. ಹಣಕ್ಕೆ ಬಾಯಿ ಬಂದು ದೇವರ ಕಿವಿಯನ್ನು ಮುಟ್ಟುವಾಗ, ದೇವರು ಬಾಯಿ ಕೊಟ್ಟ ಮನುಷ್ಯರು ಸುಮ್ಮನಿದ್ದರೆಂದು ಆ ದಿನದಲ್ಲಿ ಕಾಣಬಾರದು. ಸರಿಯಾದ ತ್ರಾಸನ್ನು ಮೆಚ್ಚುವ ಕರ್ತನು ನಮಗೆ ಸೌಮ್ಯವಾದ ನಾಲಿಗೆಯನ್ನೂ ಅಂಜದ ಹೃದಯವನ್ನೂ ಶುದ್ಧವಾದ ಕೈಗಳನ್ನೂ ದಯಪಾಲಿಸಲಿ.